ನಮ್ಮ ಜಾಝ್ ಪುಸ್ತಕ: 24ರಲ್ಲಿ 17 ಟ್ಯೂನ್ ಸಿದ್ಧ

ಕಳೆದ ಭಾನುವಾರ ಹದಿನೇಳನೇ ಟ್ಯೂನಿನ ಹಾಳೆಗಳು ಮುಗಿದವು. ಇನ್ನು ಏಳು ಉಳಿದಿವೆ. ಮೂರು ತಿಂಗಳ ಕೆಲಸ ಅಂದುಕೊಂಡು ಶುರು ಮಾಡಿದ್ದೆವು, ಈಗ ಹತ್ತನೇ ತಿಂಗಳು. ಟ್ಯೂನ್‌ಗಳೆಲ್ಲ ಮೊದಲೇ ಇದ್ದವು. ಸಮಯ ಹೋಗಿದ್ದೆಲ್ಲ ಅವನ್ನು ಹಾಳೆಗೆ ಇಳಿಸುವುದರಲ್ಲಿ.

ಹೊಸಬರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾವು ಬೆಂಗಳೂರಿನ ಐದು ಜನ. ನಾನು ಪಿಯಾನೋ. ಜೊತೆಗೆ ಆಲ್ಟೋ ಸ್ಯಾಕ್ಸ್, ಟ್ರಂಪೆಟ್, ಬಾಸ್, ಡ್ರಮ್ಸ್. ಎಲ್ಲರೂ ಹಗಲು ಬೇರೆ ಕೆಲಸ ಮಾಡಿಕೊಂಡು ಸಂಜೆ ನುಡಿಸುವವರು. ನಾವೇ ಕಟ್ಟಿದ 24 ಟ್ಯೂನ್‌ಗಳನ್ನು ಲೀಡ್ ಶೀಟ್ ಮಾಡಿ ಪುಕ್ಕಟೆ ಹಂಚುವುದು ನಮ್ಮ ಯೋಜನೆ. ಯಾರು ಬೇಕಾದರೂ ಇಳಿಸಿಕೊಳ್ಳಲಿ, ಝೆರಾಕ್ಸ್ ಮಾಡಲಿ, ನುಡಿಸಲಿ, ರೆಕಾರ್ಡ್ ಮಾಡಿ ದುಡ್ಡೂ ಮಾಡಿಕೊಳ್ಳಲಿ. ಲೀಡ್ ಶೀಟ್ ಅಂದರೆ ಒಂದೇ ಹಾಳೆ. ಟ್ಯೂನಿನ ಸ್ವರಲಿಪಿ, ಅದರ ಮೇಲೆ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಹೆಸರು, ಅಷ್ಟೇ. ಉಳಿದದ್ದು ನುಡಿಸುವವರಿಗೆ ಬಿಟ್ಟಿದ್ದು.

ಈ ಹಾಳೆಗಳ ಕಥೆ ದೊಡ್ಡದು. 1940ರ ದಶಕದಲ್ಲಿ ಅಮೆರಿಕದಲ್ಲಿ ಜಾರ್ಜ್ ಗುಡ್‌ವಿನ್ ಅನ್ನುವವರು ಟ್ಯೂನ್-ಡೆಕ್ಸ್ ಅಂತ ಚಿಕ್ಕ ಚಿಕ್ಕ ಚೀಟಿಗಳನ್ನು ಮಾರುತ್ತಿದ್ದರು. ಒಂದು ಚೀಟಿಗೆ ಒಂದು ಹಾಡು. ಆ ಚೀಟಿಗಳನ್ನೇ ಸಾಲಾಗಿ ಜೋಡಿಸಿ, ಅನುಮತಿ ಕೇಳದೆ ಅಚ್ಚು ಹಾಕಿದ ಪುಸ್ತಕಗಳು ಬಂದವು. ಅವೇ ಫೇಕ್ ಬುಕ್‌ಗಳು. 1970ರ ದಶಕದ ನಡುವೆ ಬಾಸ್ಟನ್‌ನ ಬರ್ಕ್ಲಿ ಸಂಗೀತ ಕಾಲೇಜಿನ ಇಬ್ಬರು ವಿದ್ಯಾರ್ಥಿಗಳು ಕೈಬರಹದಲ್ಲಿ ರಿಯಲ್ ಬುಕ್ ಅನ್ನುವ ಫೇಕ್ ಬುಕ್ ಮಾಡಿದರು. ಅದಕ್ಕೂ ಅನುಮತಿ ಇರಲಿಲ್ಲ. ಕೈಯಿಂದ ಕೈಗೆ, ಝೆರಾಕ್ಸಿನಿಂದ ಝೆರಾಕ್ಸಿಗೆ ಅದು ಜಗತ್ತೆಲ್ಲ ಸುತ್ತಿತು. 2004ರಲ್ಲಿ ಹಾಲ್ ಲೆನರ್ಡ್ ಪ್ರಕಾಶನ ಹಕ್ಕುಗಳನ್ನು ಪಡೆದು ಕಾನೂನುಬದ್ಧ ಆವೃತ್ತಿ ತಂದಿತು. ಅಲ್ಲಿಯವರೆಗೆ ಮಾರಾಟವಾದ ಕಳ್ಳ ಪ್ರತಿಗಳಿಂದ ಟ್ಯೂನ್ ಕಟ್ಟಿದವರಿಗೆ ಏನೂ ಸಿಗಲಿಲ್ಲ.

ನಾನೂ ಅಂಥದ್ದೇ ಝೆರಾಕ್ಸ್ ಪ್ರತಿಯಿಂದ ಕಲಿತವನು. ಆ ಪುಸ್ತಕ ಇಲ್ಲದಿದ್ದರೆ ನನಗೆ ಜಾಝೇ ಬರುತ್ತಿರಲಿಲ್ಲ. ಅದರಲ್ಲಿ ತಪ್ಪು ಕಾರ್ಡ್‌ಗಳೂ ಇದ್ದವು. ಎಷ್ಟೋ ಜನ ಆ ತಪ್ಪನ್ನೇ ಸರಿ ಅಂತ ಕಲಿತು, ಹಾಗೇ ನುಡಿಸುತ್ತಾ ಬಂದರು. ಹಾಳೆ ಒಮ್ಮೆ ಕೈ ಬಿಟ್ಟರೆ ಅದರ ಹಿಂದೆ ಹೋಗಿ "ಅಲ್ಲಿ ಹಾಗಲ್ಲ, ಹೀಗೆ" ಅಂತ ಹೇಳೋಕೆ ಆಗಲ್ಲ ಅಲ್ವಾ? ಅದಕ್ಕೇ ನಾವು ಒಂದು ಪರೀಕ್ಷೆ ಇಟ್ಟುಕೊಂಡೆವು. ಟ್ಯೂನ್ ಒಮ್ಮೆಯೂ ಕೇಳದ ಒಬ್ಬರನ್ನು ಕರೆಯುವುದು. ಹಾಳೆ ಕೊಡುವುದು. ನಾವು ಬಾಯಿ ಬಿಡುವ ಹಾಗಿಲ್ಲ. ಅವರು ಎಲ್ಲಿ ತಡವರಿಸಿದರು, ಎಲ್ಲಿ ಬೇರೆ ಏನೋ ನುಡಿಸಿದರು ಅಂತ ಬರೆದುಕೊಳ್ಳುವುದು. ತಪ್ಪು ಅವರದ್ದಲ್ಲ, ಹಾಳೆಯದ್ದು.

ಈ ಪರೀಕ್ಷೆಯಲ್ಲಿ ನಮಗೆ ಜಾಸ್ತಿ ಕಲಿಸಿದ್ದು ಒಂಬತ್ತನೇ ಟ್ಯೂನ್. ಅದು ಹಂಸಧ್ವನಿ ರಾಗದಲ್ಲಿದೆ, ಏಳು ಎಣಿಕೆಯ ಮಿಶ್ರ ಚಾಪು ತಾಳ. ಕಟ್ಟಿದ್ದು ನಾನು. ಹಂಸಧ್ವನಿಯಲ್ಲಿ ಐದೇ ಸ್ವರ: ಸ ರಿ ಗ ಪ ನಿ. ಸಿ ಶ್ರುತಿಯಲ್ಲಿ ಹೇಳುವುದಾದರೆ ಸಿ, ಡಿ, ಇ, ಜಿ, ಬಿ. ಈ ಐದರಿಂದ ಮೂರು ಟ್ರಯಡ್ (ಮೂರು ಸ್ವರದ ಕಾರ್ಡ್) ಮಾತ್ರ ಹುಟ್ಟುತ್ತವೆ: ಸಿ ಮೇಜರ್, ಇ ಮೈನರ್, ಜಿ ಮೇಜರ್. ಬೇಕಾದರೆ ಪೇಪರ್ ಮೇಲೆ ಹಾಕಿ ನೋಡಿ, ನಾಲ್ಕನೆಯದು ಸಿಗಲ್ಲ. ಇಡೀ ಟ್ಯೂನನ್ನು ಈ ಮೂರರಲ್ಲೇ ನಿಲ್ಲಿಸಿ, ಬಾಸ್ ಮಾತ್ರ ಬದಲಾಯಿಸುತ್ತಾ ಹೋಗಿದ್ದೆ.

ಮೊದಲ ಸಲ ಹಾಳೆ ಓದಿದ್ದು ಒಬ್ಬ ಗಿಟಾರಿಸ್ಟ್. ತುಂಬಾ ಚೆನ್ನಾಗಿ ನುಡಿಸುವವರು. ಹನ್ನೊಂದನೇ ಬಾರಿನಲ್ಲಿ (ಬಾರ್ ಅಂದರೆ ತಾಳದ ಒಂದು ಸುತ್ತು) ನಾನು "ಜಿ" ಅಂತಷ್ಟೇ ಬರೆದಿದ್ದೆ. ಅವರು ಕೈ ರೂಢಿಯಂತೆ ಜಿ ಸೆವೆನ್ ಹಿಡಿದರು. ಜಾಝ್‌ನವರು ಯಾರಾದರೂ ಹಾಗೇ ಮಾಡುತ್ತಾರೆ. ಆದರೆ ಜಿ ಸೆವೆನ್‌ನಲ್ಲಿ ಎಫ್ ಇದೆ. ಎಫ್ ಅಂದರೆ ಶುದ್ಧ ಮಧ್ಯಮ. ಹಂಸಧ್ವನಿಯಲ್ಲಿ ಮಧ್ಯಮವೇ ಇಲ್ಲ. ಆ ಒಂದು ಸ್ವರ ಬಿದ್ದ ತಕ್ಷಣ ರಾಗ ಕೈ ಜಾರಿತು. ಮುಂದೆ "ಸಿ" ಬಂದಾಗ ಸಿ ಸಿಕ್ಸ್ ಹಿಡಿದರು. ಅದರಲ್ಲಿ ಎ ಬರುತ್ತದೆ, ಧೈವತ. ಅದೂ ಇಲ್ಲಿಲ್ಲ.

ಮುಗಿದ ಮೇಲೆ ಅವರೇ ಕೇಳಿದರು, "ಏನೋ ಸರಿ ಹೋಗಲಿಲ್ಲ ಅನ್ಸುತ್ತೆ. ಇಲ್ಲಿ ನಿಮಗೆ ಏನು ಬೇಕಿತ್ತು?"

ಆ ಪ್ರಶ್ನೆಗೆ ಉತ್ತರ ಹಾಳೆಯಲ್ಲೇ ಇರಬೇಕಿತ್ತು. ಈಗ ಇದೆ. ಕಾರ್ಡ್ ಹೆಸರಿನ ಪಕ್ಕ "ಟ್ರಯಡ್" ಅಂತ ಬಿಡಿಸಿ ಬರೆದೆವು. ಹಾಳೆಯ ತಲೆಯಲ್ಲಿ ಒಂದು ಸಾಲು ಸೇರಿಸಿದೆವು: ಟ್ಯೂನ್ ನುಡಿಸುವಾಗ ಎಫ್ ಮತ್ತು ಎ ಬೇಡ, ಸೋಲೋದಲ್ಲಿ ನಿಮ್ಮಿಷ್ಟ. ಸೋಲೋದಲ್ಲೂ ರಾಗ ಬಿಡಬಾರದು ಅಂತ ಡ್ರಮ್ಸ್‌ನವನ ವಾದ. ಅವನ ತಾತ ಮೃದಂಗ ನುಡಿಸುತ್ತಿದ್ದವರು. ನಾನು ಒಪ್ಪಲಿಲ್ಲ. ಕೊಟ್ಟ ಮೇಲೆ ಕೊಟ್ಟ ಹಾಗೆ ಇರಬೇಕು. ಇದರ ಬಗ್ಗೆ ಎರಡು ವಾರ ಮಾತಾಯಿತು, ಕೊನೆಗೆ ಬಾಸ್‌ನವಳು ನನ್ನ ಕಡೆ ನಿಂತಳು.

ತಾಳದ್ದು ಇನ್ನೊಂದು ಪಾಡು. ಬರೀ ಏಳು ಅಂತ ಬರೆದಿದ್ದೆ. ಗಿಟಾರಿಸ್ಟ್ ನಾಲ್ಕು-ಮೂರು ಅಂತ ಎಣಿಸಿದರು. ನಮಗೆ ಬೇಕಿದ್ದು ಮೂರು-ನಾಲ್ಕು, ತಕಿಟ ತಕದಿಮಿ. ಇದು ಇಲ್ಲಿಯವರಿಗೆ ಹೇಳಿದರೆ ಸಾಕು, ಆದರೆ ಹಾಳೆ ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ. ಹಾಗಾಗಿ ತಲೆಯಲ್ಲಿ 3+2+2 ಅಂತ ಹಾಕಿ, ಪ್ರತಿ ಬಾರಿನ ಒಳಗೂ ಮೂರರ ನಂತರ ಚುಕ್ಕಿ ಗೆರೆ ಎಳೆದೆವು. ಎರಡನೇ ಪರೀಕ್ಷೆಗೆ ಬಂದವರು ಮೊದಲ ಸಲವೇ ಸರಿ ಎಣಿಸಿದರು. ಆ ದಿನದ ಖುಷಿ ಹೇಳೋಕೆ ಆಗಲ್ಲ.

ರಾಗ, ತಾಳ, ಜಾಝ್ ಒಟ್ಟಿಗೆ ನಿಲ್ಲುತ್ತವೆ ಅಂತ ನಮಗೆ ಧೈರ್ಯ ಬಂದದ್ದೇ ನಮ್ಮೂರಿನಿಂದ. ಗಾಯಕಿ ಆರ್. ಎ. ರಮಾಮಣಿ ಅವರು, ಟಿ. ಎ. ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಜೊತೆ, ಬಾಸ್ಟನ್‌ನಲ್ಲಿ ಹುಟ್ಟಿದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮೇರಿಯಾನೋ ಅವರೊಡನೆ 1983ರಲ್ಲಿ 'ಜ್ಯೋತಿ' ಆಲ್ಬಮ್ ಮಾಡಿದರು. ಸ್ಯಾಕ್ಸ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುತ್ತಿದ್ದ ಕದ್ರಿ ಗೋಪಾಲನಾಥರು ಅಮೆರಿಕದ ಜಾಝ್ ಸ್ಯಾಕ್ಸ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ಮಾಡಿದ 'ಕಿನ್ಸ್‌ಮೆನ್' 2008ರದ್ದು. ನಮ್ಮ ಸ್ಯಾಕ್ಸ್ ಗೆಳತಿ ಈ ಎರಡನ್ನೂ ಎಷ್ಟು ಸಲ ಕೇಳಿದ್ದಾಳೋ ಲೆಕ್ಕವಿಲ್ಲ. ಇನ್ನೂ ಕೇಳಿಲ್ಲದವರು ದಯವಿಟ್ಟು ಕೇಳಿ.

ಇನ್ನು ಸ್ಯಾಕ್ಸ್ ವಿಷಯ. ಎಲ್ಲ ವಾದ್ಯದವರೂ ಒಂದೇ ಶ್ರುತಿಯಲ್ಲಿ ಓದುವುದಿಲ್ಲ, ಹಾಗಾಗಿ ಪ್ರತಿ ಟ್ಯೂನಿಗೆ ನಾಲ್ಕು ಹಾಳೆ ಬೇಕು: ಪಿಯಾನೋ-ಗಿಟಾರ್‌ಗೆ ಒಂದು, ಟ್ರಂಪೆಟ್ ಮತ್ತು ಟೆನರ್ ಸ್ಯಾಕ್ಸ್‌ಗೆ ಬಿ ಫ್ಲಾಟ್, ಆಲ್ಟೋಗೆ ಇ ಫ್ಲಾಟ್, ಬಾಸ್‌ಗೆ ಕೆಳಗಿನ ಸ್ವರಗಳ ಲಿಪಿಯಾದ ಬಾಸ್ ಕ್ಲೆಫ್. ಮ್ಯೂಸ್‌ಸ್ಕೋರ್ ಸ್ವರಲಿಪಿ ಬರೆಯುವ ಉಚಿತ ಸಾಫ್ಟ್‌ವೇರ್, ಒಂದು ಗುಂಡಿ ಒತ್ತಿದರೆ ಶ್ರುತಿ ಬದಲಾಯಿಸಿ ಕೊಡುತ್ತದೆ. ಆದರೂ ಕಣ್ಣಾಡಿಸಲೇಬೇಕು. ಇ ಮೇಜರ್‌ನ ಒಂದು ಟ್ಯೂನ್ ಆಲ್ಟೋ ಹಾಳೆಯಲ್ಲಿ ಸಿ ಶಾರ್ಪ್ ಆಗಿ ಬಂತು. "ಏಳು ಶಾರ್ಪ್ ಕಣೋ, ಯಾರು ಓದ್ತಾರೆ ಇದನ್ನ?" ಅಂತ ಅವಳು ಹಾಳೆ ವಾಪಸ್ ಕೊಟ್ಟಳು. ಡಿ ಫ್ಲಾಟ್ ಮಾಡಿದೆವು, ಐದು ಫ್ಲಾಟ್. ಸ್ವರ ಅದೇ, ಓದೋದು ಮಾತ್ರ ಹಗುರ.

ಕಾಗದದ ಅಳತೆ ಕೂಡ ಕಾಡಿತು. ನಾವು ಎ4ಗೆ ಹಾಕಿದ್ದೆವು. ಅಮೆರಿಕದಲ್ಲಿರುವ ಗೆಳೆಯ ಅಲ್ಲಿನ ಲೆಟರ್ ಹಾಳೆಯಲ್ಲಿ ಪ್ರಿಂಟ್ ತೆಗೆದರೆ ಕೊನೆಯ ಸಾಲು ಅರ್ಧ ಕತ್ತರಿಸಿ ಹೋಗಿತ್ತು. ಲೆಟರ್ ನಮ್ಮ ಎ4ಗಿಂತ 18 ಮಿಲಿಮೀಟರ್ ಗಿಡ್ಡ, 6 ಮಿಲಿಮೀಟರ್ ಅಗಲ. ಈಗ ಎ4ನ ಅಗಲ, ಲೆಟರ್‌ನ ಎತ್ತರ, ಎರಡಕ್ಕೂ ಹೊಂದುವ ಚೌಕಟ್ಟಿನಲ್ಲಿ ಎಲ್ಲವನ್ನೂ ಮತ್ತೆ ಕೂರಿಸಿದ್ದೇವೆ. ಅಷ್ಟೊತ್ತಿಗೆ ಮುಗಿದಿದ್ದ ಹನ್ನೆರಡು ಟ್ಯೂನ್, ನಲವತ್ತೆಂಟು ಹಾಳೆ. ಒಂದು ಶನಿವಾರ ಪೂರ್ತಿ ಹೋಯಿತು.

ಲೈಸೆನ್ಸ್ ಬಗ್ಗೆ ಕೇಳುತ್ತಿರುತ್ತೀರಿ. ಕೃತಿಯನ್ನು ಎಲ್ಲರ ಬಳಕೆಗೆ ಬಿಡುವ ಸಿದ್ಧ ಲೈಸೆನ್ಸ್‌ಗಳಲ್ಲಿ ಒಂದಾದ ಕ್ರಿಯೇಟಿವ್ ಕಾಮನ್ಸ್‌ನ ಆಟ್ರಿಬ್ಯೂಷನ್ 4.0 ಅಂತ ಗಟ್ಟಿ ಮಾಡಿದೆವು. ಕಟ್ಟಿದವರ ಹೆಸರು ಹಾಕಿ, ಲೈಸೆನ್ಸಿನ ಲಿಂಕ್ ಕೊಡಿ, ಬದಲಾಯಿಸಿದ್ದರೆ ಹಾಗಂತ ಹೇಳಿ, ಸಾಕು. ವ್ಯಾಪಾರಕ್ಕೆ ಬೇಡ ಅನ್ನುವ ಷರತ್ತು ಹಾಕೋಣ ಅಂತ ಮೊದಲು ಮಾತಿತ್ತು. ಆದರೆ ಹೋಟೆಲಿನಲ್ಲಿ ಸಂಜೆ ಎರಡು ಗಂಟೆ ನುಡಿಸಿ ಸಾವಿರ ರೂಪಾಯಿ ತರುವ ಹುಡುಗ ಅದನ್ನು ನೋಡಿ ಹೆದರಿ ಪಕ್ಕಕ್ಕಿಟ್ಟರೆ ಏನು ಬಂತು? ಅವನಿಗಾಗಿಯೇ ತಾನೇ ಇದು?

ಒಂದು ಒಳ್ಳೆಯ ಟ್ಯೂನ್ ಮಾತ್ರ ಕೈ ತಪ್ಪಿತು. ಗೆಳೆಯರೊಬ್ಬರು ಪ್ರೀತಿಯಿಂದ ಕೊಟ್ಟಿದ್ದರು. ಆದರೆ ಅವರು ರಾಯಲ್ಟಿ ಸಂಸ್ಥೆಯೊಂದರ ಸದಸ್ಯರು, ತಮ್ಮ ಕೃತಿಗಳ ಪ್ರದರ್ಶನದ ಹಕ್ಕನ್ನು ಅದಕ್ಕೆ ವಹಿಸಿಕೊಟ್ಟಿದ್ದಾರೆ. ವಹಿಸಿಕೊಟ್ಟದ್ದನ್ನು ಮತ್ತೆ ಊರಿಗೆಲ್ಲ ಹಂಚೋಕೆ ಬರಲ್ಲ. ಅವರಿಗೂ ಬೇಸರವಾಯಿತು, ನಮಗೂ. ನಿಮ್ಮ ಟ್ಯೂನ್ ಹೀಗೆ ಬಿಡುವ ಯೋಚನೆ ಇದ್ದರೆ ಸಹಿ ಹಾಕಿದ ಕಾಗದಗಳನ್ನು ಮೊದಲು ತೆಗೆದು ಓದಿ.

ಹಾಳೆಯ ಜೊತೆ ಮ್ಯೂಸ್‌ಸ್ಕೋರ್ ಫೈಲು, ಮ್ಯೂಸಿಕ್‌ಎಕ್ಸ್‌ಎಂಎಲ್ ಫೈಲು ಎರಡೂ ಇರುತ್ತವೆ. ಬೇರೆ ಸಾಫ್ಟ್‌ವೇರ್ ಇರುವವರೂ ತೆರೆದು ತಿದ್ದಬಹುದು. ಪ್ರತಿ ಹಾಳೆಯ ಕೆಳಗೆ ತಾರೀಖು ಇದೆ. ಹಳೆಯ ಝೆರಾಕ್ಸ್ ಸಿಕ್ಕವರಿಗೆ ಅದು ಹಳೆಯದು ಅಂತ ಗೊತ್ತಾಗಲಿ.

ಉಳಿದ ಏಳರಲ್ಲಿ ಎರಡು ಬ್ಲೂಸ್, ಹನ್ನೆರಡು ಬಾರಿನವು, ಬೇಗ ಮುಗಿಯುತ್ತವೆ. ಒಂದು ರಿದಮ್ ಚೇಂಜಸ್, ಅಂದರೆ 'ಐ ಗಾಟ್ ರಿದಮ್' ಹಾಡಿನ ಕಾರ್ಡ್‌ಗಳ ಮೇಲೆ ಕಟ್ಟಿದ್ದು. ಮೂರಕ್ಕೆ ಇನ್ನೂ ಹೆಸರಿಟ್ಟಿಲ್ಲ. ಕಷ್ಟದ್ದು ಟ್ರಂಪೆಟ್‌ನವರ ಬ್ಯಾಲಡ್, ನಿಧಾನ ಗತಿಯ ಟ್ಯೂನ್. ಕೊನೆಯ ನಾಲ್ಕು ಬಾರನ್ನು ಅವರು ಎರಡು ರೀತಿ ನುಡಿಸುತ್ತಾರೆ. ಒಂದರಲ್ಲಿ ಎ ಮೈನರ್‌ಗೆ ಇಳಿದು ನಿಲ್ಲುತ್ತದೆ, ಇನ್ನೊಂದರಲ್ಲಿ ಎ ಮೇಜರ್‌ಗೆ ತೆರೆದುಕೊಳ್ಳುತ್ತದೆ. "ಆವತ್ತಿನ ಮನಸ್ಸು ಹೇಗಿರುತ್ತೋ ಹಾಗೆ" ಅನ್ನುತ್ತಾರೆ. ಎರಡು ಹಾಳೆ ಬೇರೆ ಬೇರೆ ಪ್ರಿಂಟ್ ತೆಗೆದಿದ್ದೇನೆ. ಈ ಭಾನುವಾರ ಬರುವ ಪಿಯಾನೋ ಹುಡುಗಿಗೆ ಎರಡನ್ನೂ ಕೊಟ್ಟು, ಸುಮ್ನೆ ಕೂತು ಕೇಳುತ್ತೇವೆ.