ಜೂನ್‌ಗೆ ಬರುವ ಚೀಲ

ಮೊನ್ನೆ ಚೀಲ ಬಂತು. ನಮ್ಮನೆ ಲೆಕ್ಕದಲ್ಲಿ ಮುಂಬಯಿಗೆ ಮಳೆಗಾಲ ಶುರುವಾಯಿತು ಅಂತ.

2005ರ ಜುಲೈ 26, ಮಂಗಳವಾರ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ, ಅದೇ ಊರಿನ ಕೊಲಾಬಾದಲ್ಲಿ ಬರೀ 73. ನಾವಿದ್ದದ್ದು ಕಾಲಿನಾದಲ್ಲಿ, ಎರಡನೇ ಮಹಡಿ. ಕೆಳಗೆ ನಿಲ್ಲಿಸಿದ್ದ ಸ್ಕೂಟರ್ ಹ್ಯಾಂಡಲ್‌ವರೆಗೆ ಮುಳುಗಿತು. ವಿಮೆ ದುಡ್ಡು ಬಂತು. ನಮ್ಮ ಪ್ರವಾಹದ ಕಥೆ ಅಲ್ಲಿಗೆ ಮುಗಿಯಿತು.

ನಾನಾಗ ಕನ್ನಡ ಶಾಲೆಯಲ್ಲಿ ಟೀಚರ್. ಕರೆಂಟು ಬಂದ ಮರುದಿನ ನನ್ನ ಕ್ಲಾಸಿನ ಹುಡುಗನೊಬ್ಬನ ತಾಯಿ ಬಾಗಿಲಲ್ಲಿ ನಿಂತಿದ್ದರು. ವಿಜಾಪುರದ ಕಡೆಯವರು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ನಾಕಾದಲ್ಲಿ ನಿಂತು ಕೂಲಿ ಹಿಡಿಯುವವರು. ಕುರ್ಲಾದಲ್ಲಿ ಮೀಠಿ ನದಿ ದಂಡೆಗೆ ಖೋಲಿ. ಪೋಟ್‌ಮಾಳಾಕ್ಕೂ, ಅಂದರೆ ಖೋಲಿಯೊಳಗಿನ ಅಟ್ಟಕ್ಕೂ, ನೀರು ಏರಿತ್ತಂತೆ.

"ಅಕ್ಕೋರ, ಭಾಂಡೇ ಸಾಮಾನು ಹೋದ್ರ ಹೋಗ್ಲಿರಿ. ಇದೊಂದು ಇಸ್ತ್ರಿ ಮಾಡಿ ಕೊಡ್ರಿ."

ಚೀಲದೊಳಗೆ ರೇಷನ್ ಕಾರ್ಡು. ಆಗಿನ ನಿಯಮದಲ್ಲಿ 1995ರ ಜನವರಿ 1ಕ್ಕೂ ಮುಂಚೆ ಇಲ್ಲಿದ್ದೆವು ಅನ್ನುವುದಕ್ಕೆ ಕಾಗದವಿದ್ದರಷ್ಟೇ ಝೋಪಡಿಗೆ ಬದಲಿ ಮನೆಯ ಹಕ್ಕು. ಅಂದರೆ ನೆನೆದು ಮುದ್ದೆಯಾಗಿದ್ದದ್ದು ರೇಷನ್ ಕಾರ್ಡಲ್ಲ, ಮನೆ.

ಮೇಜಿನ ಮೇಲೆ ಟವೆಲ್ ಹಾಸಿದೆ, ಕಾರ್ಡಿನ ಮೇಲೆ ಹಳೆಯ ಪಂಚೆ ಹೊದಿಸಿದೆ. ಪುಟಗಳು ದೋಸೆ ಹೆಂಚಿಗೆ ಅಂಟಿದ ಹಾಗೆ ಅಂಟಿದ್ದವು. ತರಕಾರಿ ಚಾಕುವಿನ ತುದಿಯಿಂದ ಒಂದೊಂದೇ ಬಿಡಿಸಿದೆ. ಬಿಸಿ ತಾಗಿದ್ದೇ ತಡ, ಗಟಾರದ ವಾಸನೆ, ಸೀಮೆಎಣ್ಣೆ ವಾಸನೆ. ಠಸ್ಸೆಯ ನೇರಳೆ ಶಾಯಿ ಪಂಚೆಗಿಳಿಯಿತು. 199 ಓದಲು ಬರುತ್ತಿತ್ತು, ಕೊನೆಯ ಅಂಕಿ ಬರುತ್ತಿರಲಿಲ್ಲ. "ಅದು ನಾಲ್ಕು ಐತ್ರಿ" ಅಂದರು ಆಕೆ. ಕಚೇರಿಯ ಗುಮಾಸ್ತನಿಗೂ ಅದನ್ನೇ ಹೇಳಿದರಂತೆ. ಅವನಿಗೆ ಬೇರೆ ಪುರಾವೆ ಬೇಕಿತ್ತು. ಅದಕ್ಕಾಗಿ ಎಷ್ಟು ದಿನದ ಕೂಲಿ ಹೋಯಿತೋ, ನಾನು ಕೇಳಲಿಲ್ಲ. ಕೇಳಬೇಕಿತ್ತು.

ಆಮೇಲೆ ಎಲ್ಲೆಲ್ಲೂ ಒಂದೇ ಮಾತು: ನದಿ ಕಟ್ಟಿಕೊಂಡದ್ದು ಝೋಪಡಪಟ್ಟಿಯವರಿಂದ, ಪ್ಲಾಸ್ಟಿಕ್‌ನಿಂದ. ಆ ವರ್ಷವೇ ಪ್ಲಾಸ್ಟಿಕ್ ಚೀಲ ನಿಷೇಧವೂ ಆಯಿತು. ಕಾರ್ಡು ಅಷ್ಟಾದರೂ ಉಳಿದದ್ದು ಅಂಥದೇ ಚೀಲದಿಂದ, ಅದು ಬೇರೆ ಮಾತು. ಮೀಠಿಯ ಮೇಲೇ ವಿಮಾನ ನಿಲ್ದಾಣದ ರನ್‌ವೇ ಹಾದಿದೆ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಗಳು ನಿಂತಿರುವುದು ಜೌಗು ನೆಲಕ್ಕೆ ಮಣ್ಣು ತುಂಬಿ. ಅವರ ಹತ್ತಿರ ಯಾರೂ 1995ರ ಕಾಗದ ಕೇಳಿದ್ದು ನನಗೆ ಗೊತ್ತಿಲ್ಲ.

ಹುಡುಗ ಈಗ ದೊಡ್ಡವನಾಗಿದ್ದಾನೆ, ಟೆಂಪೋ ಓಡಿಸುತ್ತಾನೆ. ಎಲ್ಲ ಕಾಗದದ ಫೋಟೋ ಅವನ ಮೊಬೈಲಿನಲ್ಲಿದೆ. ಆದರೂ ಜೂನ್ ಮೊದಲ ವಾರ ತಾಯಿ ಚೀಲ ತಂದು ನನ್ನ ಕಪಾಟಿನ ಮೇಲಿನ ಅರೆಯಲ್ಲಿ, ಸೀರೆಗಳ ಹಿಂದೆ ಇಡುತ್ತಾರೆ. ಚಹಾ ಕುಡಿಯುತ್ತಾರೆ. ದಸರೆಗೆ ಬಂದು ಒಯ್ಯುತ್ತಾರೆ.