“ನಮ್ಮಪ್ಪನ ಬಗ್ಗೆ ಬರೆಯೋಕೆ ಏನೈತೆ?”

ಮಂಡ್ಯದ ಸುತ್ತಲಿನ ಹಳ್ಳಿಗಳಿಂದ, ಹನ್ನೊಂದನೆಯ ದಿನದ ತಿಥಿಗೆ ಹಂಚುವ ನುಡಿನಮನದ ಪುಟ ಬರೆಸಿಕೊಳ್ಳಲು ನನ್ನಲ್ಲಿಗೆ ಬರುವವರೆಲ್ಲ ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ: “ನಮ್ಮಪ್ಪ ಬೇಸಾಯ ಮಾಡ್ಕೊಂಡು ಮಕ್ಕಳನ್ನ ಸಾಕ್ದೋರು ಸಾರ್, ಅವರ ಬಗ್ಗೆ ಬರೆಯೋಕೆ ಏನೈತೆ?” ಅವರೇನು ದಾಸನದೊಡ್ಡಿಯ ಕಾಮೇಗೌಡರೇ ಎಂದು ಸೇರಿಸುವವರೂ ಇದ್ದಾರೆ. 2022ರಲ್ಲಿ ತೀರಿಕೊಂಡ, ಮಳವಳ್ಳಿ ತಾಲ್ಲೂಕಿನ ಆ ಕುರಿಗಾಹಿ, ಊರ ಪಕ್ಕದ ಬೆಟ್ಟದಲ್ಲಿ ಪ್ರಾಣಿಪಕ್ಷಿಗಳಿಗೆ ನೀರಿಲ್ಲದ್ದನ್ನು ಕಂಡು ಕಟ್ಟೆಗಳನ್ನು ತೋಡುತ್ತ ಹೋದವರು. ಪ್ರಶಸ್ತಿಗಳು ಬಂದದ್ದು ಬಹಳ ಕಾಲದ ಮೇಲೆ.

ನನ್ನ ಉತ್ತರವೆಂದರೆ, ನಿಮ್ಮ ತಂದೆಯ ಬಗ್ಗೆ ಬರೆಯಬೇಕಾದದ್ದು ನಿಮ್ಮ ಮನೆಯಲ್ಲಿ ಸಿಗುವುದಿಲ್ಲ, ಊರಿನವರ ಮನೆಗಳಲ್ಲಿ ಹುಡುಕಿ. ಮದುವೆಯ ಮುಯ್ಯಿ ಪುಸ್ತಕವನ್ನೇ ನೋಡಿ. ನಿಮ್ಮ ಪೆಟ್ಟಿಗೆಯಲ್ಲಿರುವ ಪುಸ್ತಕದಲ್ಲಿ ನಿಮಗೆ ಯಾರು ಎಷ್ಟು ಮುಯ್ಯಿ ಮಾಡಿದರೆಂಬ ಲೆಕ್ಕವಿರುತ್ತದೆಯೇ ಹೊರತು, ಮಳೆ ಕೈಕೊಟ್ಟ ವರ್ಷದಲ್ಲೂ ನಿಮ್ಮಪ್ಪ ಸಾಲ ತಂದು ಯಾರ ಮಗಳ ಮದುವೆಗೆ ಏನು ಕೊಟ್ಟರೆಂಬುದು ಆ ಮನೆಯವರ ಪುಸ್ತಕದಲ್ಲಿ ಮಾತ್ರ ಇರುತ್ತದೆ. ನಾಟಿಯ ಕಾಲದಲ್ಲಿ ಯಾರ ಗದ್ದೆಗೆ ಮುಯ್ಯಾಳಾಗಿ, ಅಂದರೆ ಕೂಲಿಯಿಲ್ಲದೆ ಕೆಲಸಕ್ಕೆ ಕೆಲಸವೆಂಬಂತೆ, ಹೋಗುತ್ತಿದ್ದರು, ಹಾಲಿನ ಡೇರಿಯಲ್ಲಿ ಅಳತೆಯ ತಕರಾರು ಬಂದಾಗ ಯಾರ ಪರ ನಿಂತರು ಎಂಬುದೂ ಹಾಗೆಯೇ.

ನಾಲೆಯ ನೀರಿನ ವಿಷಯವನ್ನಂತೂ ಬಿಡಲೇಬಾರದು. ಕನ್ನಂಬಾಡಿ ಅಣೆಕಟ್ಟೆಯ ನೀರನ್ನು ವಿಶ್ವೇಶ್ವರಯ್ಯ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸಿ, ಬಿಟ್ಟಾಗ, ಕೊನೆಭಾಗದ ಗದ್ದೆಗಳಿಗೆ ಅದು ತಲುಪುವುದು ಮೇಲಿನವರ ಮನಸ್ಸಿನ ಮೇಲೂ ನಿಂತಿರುತ್ತದೆ. ಹೀಗೆ ವಿಚಾರಿಸಲು ಹೋದ ಮಗನೊಬ್ಬನಿಗೆ ಕೆಳಗಿನ ಗದ್ದೆಯ ಅಜ್ಜಿ ಹೇಳಿದ ಮಾತನ್ನು ನಾನು ಇದ್ದಂತೆಯೇ ಅಚ್ಚಿಗೆ ಕೊಟ್ಟೆ: “ಸರೊತ್ನಲ್ಲಿ ತನ್ನ ಗದ್ದೆ ಬಾಯಿಗೆ ಮಣ್ಣು ಕೊಚ್ಚಿ ಹಾಕಿ, ನೀರು ನನ್ ಕಡಿಕೆ ತಿರುಗ್ಸಿ, ಆಮೇಲೆ ಬಂದು ಬಾಗಿಲು ಬಡಿಯೋನು ಕನಪ್ಪಾ.” ಆ ಮಗನಿಗೆ ಈ ಸಂಗತಿ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಬರೆದು ತಂದದ್ದರಲ್ಲಿ ‘ಅಜಾತಶತ್ರು’, ‘ಸರಳ ಸಜ್ಜನ’ ಎಂದಿದ್ದರೆ ಹೊಡೆದುಹಾಕುತ್ತೇನೆ. ಜೀವನವಿಡೀ ಬೇಸಾಯ ಮಾಡಿದವನು ಬದುವಿನ ವಿಷಯಕ್ಕೆ ಒಮ್ಮೆಯೂ ಜಗಳವಾಡಿಲ್ಲವೆಂದರೆ ನಾನು ನಂಬಲಾರೆ. ಹೊಗಳಿಕೆಗಿಂತ ವಿವರ ಹೇಗೆ ಉಳಿಯುತ್ತದೆಂದು ತಿಳಿಯಲು, ನಮ್ಮ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕಿ ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949-50ರ ಶಾಸನದ ಕಲ್ಲನ್ನು ನೋಡಿ. ಗಂಗರ ದೊರೆ ಬೂತುಗನಿಂದ ಅವನ ಸೇವಕ ಮಣಲೇರ ಬೇಡಿ ಪಡೆದ ಕಾಳಿ ಎಂಬ ನಾಯಿ, ಬೆಳತೂರಿನ ಪಡುವಣ ಮೊರಡಿಯಲ್ಲಿ (ಗುಡ್ಡದಲ್ಲಿ) ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವೆಂದು ಅದರಲ್ಲಿದೆ. ಅಪ್ಪನ ಮಾತಿನ ನಡುವೆ ನಾಯಿಯ ಕಲ್ಲನ್ನು ತಂದೆನೆಂದು ಬೇಸರಿಸಬೇಡಿ. ನಾಯಿಯ ಹೆಸರು, ಗುಡ್ಡವಿದ್ದ ದಿಕ್ಕು, ಎದುರಾದ ಪ್ರಾಣಿ ಎಲ್ಲವನ್ನೂ ಬರೆಸಿದ್ದರಿಂದಲೇ ಆ ಸಾವು ಇಂದಿಗೂ ಕಣ್ಣಿಗೆ ಕಟ್ಟುತ್ತದೆ.

ಆದ್ದರಿಂದ ಬರುವಾಗ ಒಳ್ಳೆಯ ಫೋಟೊದ ಜೊತೆಗೆ, ನಿಮ್ಮವರಲ್ಲದ ನಾಲ್ಕಾರು ಮನೆಗಳಲ್ಲಿ ಕೇಳಿದ್ದನ್ನು ಹೇಳಿದವರ ಮಾತಿನಲ್ಲೇ ಬರೆದು ತನ್ನಿ. ಅಚ್ಚಿನವರು ಎಂಟನೆಯ ದಿನಕ್ಕೇ ಪುಟ ಕೇಳುವುದರಿಂದ, ಮೂರನೆಯ ದಿನದ ಹಾಲುತುಪ್ಪಕ್ಕೆ ಊರವರು ಸೇರಿದಾಗಲೇ ಕೇಳಲು ಶುರುಮಾಡುವುದು ಒಳ್ಳೆಯದು.