ಬೇಸ್ ಗಿಟಾರ್ ಕೇಳಿಸೋದೇ ಇಲ್ವಲ್ಲ?

ಬೇಸ್ ಗಿಟಾರ್, ಅಂದ್ರೆ ತಗ್ಗು ಸ್ವರದ ಗಿಟಾರ್, ನುಡಿಸುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ಹಾಡಲ್ಲಿ ಅದು ಕೇಳಿಸೋದೇ ಇಲ್ವಲ್ಲ, ಇದ್ರೆಷ್ಟು ಬಿಟ್ರೆಷ್ಟು?" ಮೊನ್ನೆ ಒಂದು ಮದುವೆಯಲ್ಲಿ ಚಿಕ್ಕಪ್ಪನೂ ಕೇಳಿದರು. ವಾದ ಮಾಡಲಿಲ್ಲ. ಇಯರ್‌ಫೋನ್ ಅವರ ಕಿವಿಗೆ ಕೊಟ್ಟು, ಅಮೆರಿಕದ ಟೆಂಪ್ಟೇಷನ್ಸ್ ಗಾಯಕ ತಂಡದ 'ಮೈ ಗರ್ಲ್' ಹಾಕಿದೆ. 1964ರ ಹಾಡು.

ಶುರುವಿಗೆ ಬೇಸ್ ಒಂದೇ. ಸ್ವಲ್ಪ ನುಡಿದು, ಬಿಡುವು ಕೊಟ್ಟು, ಮತ್ತೆ ಅದೇ. ಅದರ ಮೇಲೆ ಗಿಟಾರ್ ಮೆಟ್ಟಿಲು ಹತ್ತುತ್ತದೆ: ಸ ರಿ ಗ ಪ ದ ಸ. "ಅರೇ, ಮೋಹನ!" ಅಂದರು ಚಿಕ್ಕಪ್ಪ. ಅವರು ಚಿಕ್ಕಂದಿನಲ್ಲಿ ಪಾಠಕ್ಕೆ ಹೋಗಿದ್ದವರು. ಹಾಡುವವರು ಇನ್ನೂ ಬಾಯಿ ತೆರೆದಿಲ್ಲ, ಇವರ ತಲೆ ಆಗಲೇ ತೂಗುತ್ತಿತ್ತು. ಕೇಳಿಸಲ್ಲ ಅಂದವರು ಇವರೇ!

ಆ ಬೇಸ್ ಜೇಮ್ಸ್ ಜೇಮರ್ಸನ್ ಅವರದು, ಗಿಟಾರ್ ರಾಬರ್ಟ್ ವೈಟ್ ಅವರದು. ಈ ಹಾಡಿನ ರೆಕಾರ್ಡ್ ತಂದ ಮೋಟೌನ್ ಕಂಪನಿ ಡೆಟ್ರಾಯಿಟ್‌ನಲ್ಲಿ ನಡೆಯುತ್ತಿದ್ದದ್ದು ಒಂದು ಮನೆಯಲ್ಲಿ. ಅಲ್ಲಿನ ಇಕ್ಕಟ್ಟು ಸ್ಟುಡಿಯೋಗೆ ವಾದ್ಯದವರು ಇಟ್ಟ ಹೆಸರು 'ಹಾವಿನ ಗುಂಡಿ'. ಹೆಚ್ಚಿನವರು ಜಾಝ್ ನುಡಿಸಿ ಪಳಗಿದವರು. ತಮ್ಮನ್ನು 'ಫಂಕ್ ಬ್ರದರ್ಸ್' ಅಂತ ಕರೆದುಕೊಳ್ಳುತ್ತಿದ್ದರು. ಗಾಯಕರು ಬದಲಾಗುತ್ತಿದ್ದರು, ಹಿಂದೆ ಕೂತವರು ಇವರೇ. ಆದರೆ ವರ್ಷಗಟ್ಟಲೆ ರೆಕಾರ್ಡಿನ ಮೇಲೆ ಇವರ ಹೆಸರಿಲ್ಲ. 1971ರಲ್ಲಿ ಅಲ್ಲಿನ ಗಾಯಕ ಮಾರ್ವಿನ್ ಗೇ ತಮ್ಮ ಆಲ್ಬಂನಲ್ಲಿ ಇವರ ಹೆಸರು ಹಾಕಿಸಿದರು. ಮರುವರ್ಷ ಕಂಪನಿ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿತು.

ಜೇಮರ್ಸನ್ ಬಲಗೈಯ ತೋರುಬೆರಳೊಂದರಲ್ಲೇ ಮೀಟುತ್ತಿದ್ದರು. ಆ ಬೆರಳಿಗೆ 'ಕೊಕ್ಕೆ' ಅಂತಲೇ ಹೆಸರು. ತಂತಿ ಹರಿದರೆ ಮಾತ್ರ ಹೊಸದು. ಹಳೇ ತಂತಿಯ ಆ ಮಂದ, ದಪ್ಪ ನಾದವೇ ಅವರ ಗುರುತು. ನಾನು ಆರು ತಿಂಗಳಿಗೊಮ್ಮೆ ದುಬಾರಿ ತಂತಿ ಹಾಕಿಸುತ್ತೇನೆ, ಎರಡು ಬೆರಳು ಬಳಸುತ್ತೇನೆ. ಫಲ ಮಾತ್ರ ಕೇಳಬೇಡಿ.

"ಹೆಸರೇ ಹಾಕದಿದ್ರೆ ಇವರಿಗೆ ಬೇಜಾರಾಗ್ತಿರಲಿಲ್ವಾ?" ಅಂದರು ಚಿಕ್ಕಪ್ಪ. ಅದಕ್ಕೆ ವೈಟ್ ಅವರ ಪ್ರಸಂಗ ಹೇಳಿದೆ. ಇವರ ಕಥೆ ಬರೆದ ಅಲನ್ ಸ್ಲಟ್ಸ್ಕಿ ನೆನೆಸಿಕೊಳ್ಳುವುದು ಇದು. ಇಬ್ಬರೂ ಹೋಟೆಲಲ್ಲಿ ಕೂತಿದ್ದಾಗ ಇದೇ ಹಾಡು ಬಂತಂತೆ. ಇದು ನಾನೇ ನುಡಿಸಿದ್ದು ಅಂತ ಮಾಣಿಗೆ ಹೇಳಲು ಹೊರಟ ವೈಟ್ ಅರ್ಧಕ್ಕೇ ನಿಲ್ಲಿಸಿದರು. ಹೇಳಿದರೆ ಯಾವನೋ ತಲೆಕೆಟ್ಟ ಮುದುಕ ಅಂದುಕೊಳ್ತಾನೆ ಅಂತ. ಸುಮ್ನೆ ಊಟ ಹೇಳಿದರು.